ತಪ್ಪು ಮಾಡೋ ಕಡ್ಡಿ ಮನುಷ್ಯ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕರಲ್ಲಿ ಎಲ್ಲೇ ಟ್ರೈನಿಂಗ್ ನಡೀಲಿ, ಸಂಜೆಗೆ ನನ್ನ ಫೋನಿಗೆ ಒಂದು ದೂರು ಬಂದೇ ಬರುತ್ತೆ. ನಾನು ಅಲ್ಲಿಗೆ ಹೋಗೇ ಇರಲ್ಲ, ಮನೇಲಿ ಮುದ್ದೆ ಉಣ್ತಾ ಕೂತಿರ್ತೀನಿ, ಆದ್ರೂ ತಪ್ಪು ನಂದೇ. ಎಲ್ಲಾ ಒಂದೇ ಒಂದು ಮಾತಿಂದ ಶುರುವಾಗಿದ್ದು. ಹೇಳ್ತೀನಿ ಇರಿ, ಹೇಳಿ ಹೇಳಿ ಸುಸ್ತಾಗಿದೆ, ಆದ್ರೂ ಹೇಳ್ತೀನಿ.

ದೊರೆ ಕೈ ತೊಳೆದಿದ್ದು

ನನ್ನ ಕೆಲಸವೇ ಟ್ರೈನಿಂಗ್ ಕೊಡೋದು. ಅವತ್ತು ಹುತ್ತೂರಲ್ಲಿ ರೇಷ್ಮೆ ಸಾಕೋರಿಗೆ ಹೇಳ್ಬೇಕಿತ್ತು, ಹುಳು ಮನೆ ಒಳಗೆ ಹೋಗೋ ಮುಂಚೆ ಕೈ ತೊಳೀರಿ, ಬೀಡಿ ಸೇದಿದ ಕೈಲಿ ಸೊಪ್ಪು ಮುಟ್ಬೇಡಿ ಅಂತ. ಇಂಟರ್ನೆಟ್ಟಲ್ಲಿ ಸಿಕ್ಕಿದ ಫೋಟೋ ಹಾಕಿದ್ದೆ, ಬಿಳೀ ಕೋಟಿನ ಫಾರಿನ್ನವನು ಥಳಥಳ ಅನ್ನೋ ಸಿಂಕಲ್ಲಿ ಕೈ ತೊಳೀತಿರೋದು. ಅರ್ಧ ಜನ ತೂಕಡಿಸ್ತಿದ್ರು. ಹಿಂದಿನ ಸಾಲಲ್ಲಿದ್ದ ಅಜ್ಜ ಒಬ್ರು ಬಹಳ ಹೊತ್ತು ಫೋಟೋ ನೋಡಿ, "ಅಮ್ಮಾ, ಈ ದೊರೆ ಒಂದು ಸಲಕ್ಕೆ ಎಷ್ಟು ರೇಷ್ಮೆ ಹುಳು ಸಾಕ್ತಾನೆ?" ಅಂತ ಕೇಳಿದ್ರು.

ಮುಂದಿನ ಸಲ ನಾನೇ ಪೆನ್ನು ತಗೊಂಡೆ. ತಲೆಗೊಂದು ಸೊನ್ನೆ, ಮೈಗೊಂದು ಗೀಟು, ಕೈಕಾಲಿಗೆ ನಾಲ್ಕು ಗೀಟು, ಅಷ್ಟೇ. ಹುಳು ಮನೆ ಬಾಗಿಲಲ್ಲಿ ಒಬ್ಬ ಕಡ್ಡಿ ಮನುಷ್ಯನ್ನ ನಿಲ್ಲಿಸ್ದೆ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಕತ್ತಿನ ಹಿಂದೆ ಕೆರ್ಕೊಳ್ತಾ, ಬಾಯಲ್ಲಿ ಬೀಡಿ, ಒಂದು ಕಾಲು ಇನ್ನೊಂದು ಕಾಲಿಗೆ ಅಡ್ಡ. ಪಕ್ಕದಲ್ಲಿ ಕೆಂಪು ಇಂಟು ಮಾರ್ಕು. ಏನ್ ತಪ್ಪು ಹೇಳಿ ಅಂದೆ. ಇಡೀ ಹಾಲು ಒಂದೇ ದನೀಲಿ "ಕೈ ತೊಳ್ದಿಲ್ಲಾ" ಅಂತು. ನನಗೆ ರೋಮಾಂಚನ ಆಗೋಯ್ತು. ಅದೇ ಖುಷೀಲಿ ಚಿತ್ರಗಳನ್ನೆಲ್ಲಾ ಫೋಟೋ ತೆಗ್ದು ಟ್ರೈನರ್‌ಗಳ ವಾಟ್ಸಾಪ್ ಗ್ರೂಪಿಗೆ ಹಾಕ್ಬಿಟ್ಟೆ, ಯಾರ್ ಬೇಕಾದ್ರೂ ತಗೊಳ್ಳಿ, ಫ್ರೀ, ಜನರ ಕೈಲಿ ಹೀಗೇ ಒಟ್ಟಿಗೆ ಹೇಳಿಸಿ ಅಂತ.

ಎಷ್ಟೋ ಜನ ಕೈ ಮುಗಿಯೋ ಬೊಂಬೆ ಕಳ್ಸಿದ್ರು. ಹಾಲಿನ ಡೈರಿ ಟ್ರೈನಿಂಗಿನೋರು ಒಬ್ರು ಮಾತ್ರ, ಇದ್ರಲ್ಲಿ ಹಸು ಇಲ್ವಲ್ಲಾ, ನಾಳೆ ಬೆಳಗ್ಗೆ ಹತ್ತು ಗಂಟೆ ಒಳಗೆ ಒಂದು ಹಸು ಕಳ್ಸಿ ಅಂತ ಹಾಕಿದ್ರು.

ದಪ್ಪ ಆಗಿದ್ದು

ಆಮೇಲೆ ಶ್ರೀನಿವಾಸಪುರದಿಂದ ಅಂಗನವಾಡಿ ಸೂಪರ್‌ವೈಸರ್ ಮೇಡಂ ಫೋನು. ಪೌಷ್ಟಿಕ ಆಹಾರದ ಟ್ರೈನಿಂಗಂತೆ. ಕೇಳಿದ್ರು, ಬರ್ದು ಕಳ್ಸ್ದೆ, ಮತ್ತೆ ಫೋನು. ಗಟ್ಟಿಮುಟ್ಟಾದ ಮಗು, ಸೊರಗಿದ ಮಗು ಅಂತ ಎರಡು ಚಿತ್ರ ಕಳ್ಸಿದೀಯಲ್ಲಾ, ಎರಡೂ ಕಡ್ಡಿ, ನಾನು ಯಾವುದಕ್ಕೆ ಮೊಟ್ಟೆ ಕೊಡ್ಲಿ ಅಂದ್ರು. ಸರಿ ಅಂತ ಸ್ಕೆಚ್ ಪೆನ್ನಲ್ಲಿ ಒಂದು ಮಗೂನ ದಪ್ಪ ಮಾಡ್ದೆ. ಈಗ ತಾಯಿ ಕಡ್ಡಿ, ಮಗು ದಪ್ಪ, ಮಗು ತಾಯಿ ಪಾಲಿಂದೂ ತಿಂತಿದೆ ಅನ್ಸುತ್ತೆ ಅಂದ್ರು. ತಾಯೀನೂ ದಪ್ಪ ಮಾಡ್ದೆ. ಅಂಗನವಾಡಿ ಟೀಚರ್ ಮಾತ್ರ ಸಣ್ಣಗಿದ್ರೆ ನಮ್ಮೋರಿಗೆ ಬೇಜಾರಾಗುತ್ತೆ ಅಂದ್ರು. ಟೀಚರ್ರೂ ದಪ್ಪ. ಅಜ್ಜಿ ದಪ್ಪ. ಎರಡು ಸ್ಕೆಚ್ ಪೆನ್ನು ಖಾಲಿ.

ಎಲ್ಲಾ ಕಳ್ಸಿದ್ ಮೇಲೆ ಮೇಡಂ ನಿಧಾನವಾಗಿ ಹೇಳಿದ್ರು, "ತುಂಬಾ ಚೆನ್ನಾಗಿದೆ ಕಣಮ್ಮಾ. ಆದ್ರೆ ಇದನ್ನ ಶುಗರ್ ಕಾಯಿಲೆ ಟ್ರೈನಿಂಗಿಗೆ ಇಟ್ಕೋತೀನಿ. ನಂಗೆ ಬೇರೆ ಬರ್ಕೊಡು."

ಮಾಲೂರಲ್ಲಿ ಒಂದೇ ದಿನ

ಮಾಲೂರಿನ ಒಂದು ಫ್ಯಾಕ್ಟರೀಲಿ ಸೇಫ್ಟಿ ಹೇಳ್ಕೊಡೋ ಸಾರ್ ಒಬ್ರಿದಾರೆ. ಅವ್ರಿಗೆ ನನ್ನ ಬೀಡಿ ಮನುಷ್ಯ ಎಷ್ಟು ಇಷ್ಟ ಆಗ್ಬಿಟ್ಟ ಅಂದ್ರೆ, ಹೊಸ ಚಿತ್ರ ಯಾಕೆ, ಇವನೇ ಸಾಕು ಅಂತ ಎಲ್ಲಾ ತಪ್ಪಿಗೂ ಅವನನ್ನೇ ಕತ್ತರಿಸಿ ಅಂಟಿಸ್ಕೊಂಡ್ರು. ಬೆಳಗ್ಗೆ ಹೆಲ್ಮೆಟ್ ಇಲ್ದೆ ಏಣಿ ಹತ್ತೋದು ಅವನೇ, ಓಡ್ತಿರೋ ಬೆಲ್ಟಿಗೆ ಕೈ ಹಾಕೋದು ಅವನೇ, ಊಟ ಆದ್ಮೇಲೆ ಒದ್ದೆ ಕೈಲಿ ಸ್ವಿಚ್ ಒತ್ತೋದೂ ಅವನೇ, ಎಲ್ಲಾ ಕಡೆ ಒಂದು ಕೈ ಸೊಂಟದ ಮೇಲೇ. ಟೀ ಟೈಮಲ್ಲಿ ಒಬ್ಬ ಕೆಲಸಗಾರ ಎದ್ದು ನಿಂತು ಬಹಳ ಮರ್ಯಾದೆಯಿಂದ ಕೇಳಿದ್ನಂತೆ:

"ಸಾರ್, ಇವನನ್ನ ಇನ್ನೂ ಕೆಲಸದಿಂದ ತೆಗ್ದಿಲ್ವಾ?"

ಅವನು ಯಾರು ಅಂದ್ರೆ

ಈಗ ನಿಜ ಹೇಳ್ಬಿಡ್ತೀನಿ. ಆ ಮನುಷ್ಯ ನಮ್ಮ ಮಾವ, ಅಮ್ಮನ ತಮ್ಮ. ಮುಳಬಾಗಿಲ ಆಚೆ ಕುರುಡುಮಲೆ ಹತ್ರ ಅವರ ಊರು, ಅವ್ರೂ ರೇಷ್ಮೆ ಸಾಕ್ತಾರೆ, ಬೀಡಿ ಸೇದಿ ಹಾಗೇ ಒಳಗೆ ಹೋಗ್ತಾರೆ, ಎಲ್ಲಿ ನಿಂತ್ರೂ ಹಾಗೇ ನಿಲ್ತಾರೆ. ಮುಖ ಬರ್ದಿಲ್ಲ, ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ. ಮುಳಬಾಗಿಲಲ್ಲಿ ಮಹಿಳಾ ಸಂಘದ ಟ್ರೈನಿಂಗಿಗೆ ನಮ್ಮ ಅತ್ತೆ, ಮಾವನ ಹೆಂಡ್ತಿ, ಹೋಗಿದ್ರು. ಚಿತ್ರ ಬಂದ ತಕ್ಷಣ, ಅಯ್ಯೋ ಇವ್ರು ನಮ್ಮನೆಯೋರು ಅಂದ್ಬಿಟ್ರಂತೆ.

ಸಮಸ್ಯೆ ಏನಂದ್ರೆ, ಅಕ್ಕನ ಮದುವೆಗೆ ಮೂರು ವಾರ ಇತ್ತು. ನಮ್ಮಲ್ಲಿ ಹೆಣ್ಣನ್ನ ಕೈ ಹಿಡಿದು ಮಂಟಪಕ್ಕೆ ಕರ್ಕೊಂಡ್ ಬರೋದು ಸೋದರಮಾವಾನೇ. ಅಮ್ಮನಿಗೆ ಇರೋದು ಒಬ್ಬನೇ ತಮ್ಮ. ಆ ಒಬ್ಬ ತಮ್ಮ, ನಾನು ಬರಲ್ಲ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ಹೇಳಿ ಕಳ್ಸಿದ್ರು. ಅಮ್ಮ ನನ್ನ ಮುಖ ನೋಡಿ ಒಂದೇ ಮಾತಂದ್ರು, ನೀನೇ ಬರ್ದಿದ್ದು, ನೀನೇ ಕರ್ಕೊಂಡ್ ಬಾ.

ಹೋದೆ. ಮಾವ ಜಗಲಿ ಮೇಲೆ ಕೂತಿದ್ರು. "ಏಮ್ಮಾ, ನೇನು ಅಂತ ಚೆಡ್ಡವಾಡ್ನಾ?" ಅಂದ್ರು ತೆಲುಗಲ್ಲಿ. ಅಷ್ಟು ಕೆಟ್ಟೋನಾ ನಾನು ಅಂತ. ಅವ್ರಿಗೆ ದುಃಖ ಆದ್ರೆ ತೆಲುಗೇ ಬರೋದು. ದೇವಸ್ಥಾನದ ಹತ್ರ ಟೀ ಕುಡೀತಾ ನಿಂತಿದ್ರೆ ಗುರುತಿಲ್ಲದ ಹೆಂಗಸ್ರು ಕೈ ನೋಡಿ ನಗ್ತಾರಂತೆ. ನಾನು ಕಾಲಿಗೆ ಬಿದ್ದೆ. ಒಂದು ಷರತ್ತು ಹಾಕಿದ್ರು, ಒಂದರಲ್ಲಾದ್ರೂ ನನ್ನ ಸರಿ ಅಂತ ತೋರ್ಸು ಅಂತ. ಅಲ್ಲೇ ಕೂತು ಬರ್ದೆ. ಅದೇ ಸೊಂಟ, ಅದೇ ಕತ್ತು, ಪಕ್ಕದಲ್ಲಿ ಬಕೆಟ್ಟು ಚೊಂಬು, ಮೇಲೆ ದೊಡ್ಡ ಹಸಿರು ರೈಟ್ ಮಾರ್ಕು. ಮಾವ ಅದನ್ನ ಬೆಳಕಿಗೆ ಹಿಡಿದು ನೋಡಿ, ಬಕೆಟ್ ನಮ್ಮನೇದಲ್ಲ ಅಂದ್ರು. ಬರೋಕೆ ಒಪ್ಕೊಂಡ್ರು.

ಗ್ರೂಪಿಗೆ ಹಾಕಿ, ದಯವಿಟ್ಟು ಇದನ್ನೇ ಬಳಸಿ ಅಂತ ಬೇಡ್ಕೊಂಡೆ. ಮಾಲೂರಿನ ಸಾರ್ ಉತ್ತರ ಬಂತು: ಬೇಡ, ಇವನು ಸರಿ ಮಾಡಿದ್ರೆ ಯಾರೂ ನಂಬಲ್ಲ.

ಮುಹೂರ್ತ

ಇಷ್ಟು ದಿನದಿಂದ ಒಡನಾಡಿದೋರು, ಕರೀದೆ ಇರೋಕಾಗುತ್ತಾ ಅಂತ ಅಮ್ಮ ನನ್ನ ಟ್ರೈನಿಂಗಿನೋರಿಗೆಲ್ಲಾ ಪತ್ರಿಕೆ ಕೊಡ್ಸಿದ್ರು. ಎಲ್ಲರೂ ಬಂದ್ರು. ಮುಂದಿನ ಎರಡು ಸಾಲು ಪೂರ್ತಿ ಅವ್ರೇ, ಹುತ್ತೂರಿನ ರೇಷ್ಮೆಯೋರು, ಶ್ರೀನಿವಾಸಪುರದ ಮೇಡಂ, ಅವ್ರ ಟೀಚರ್‌ಗಳು, ಮಾಲೂರಿನ ಸಾರ್. ಇವ್ರ್ಯಾರೂ ಮಾವನ್ನ ಕಣ್ಣಾರೆ ನೋಡಿಲ್ಲ.

ಪುರೋಹಿತರು ಸೋದರಮಾವನ್ನ ಕರೀರಿ ಅಂದ್ರು. ಮಾವ ಛತ್ರದ ಆಚೆ ನಿಂತಿದ್ದೋರು ಬೀಡಿ ಎಸೆದು ಒಳಗೆ ಬಂದ್ರು, ರೇಷ್ಮೆ ಪಂಚೆ, ಜರಿ ಶಲ್ಯ. ಅಕ್ಕನ ಸೆರಗು ಸರಿ ಮಾಡ್ತಿದ್ರು, ಒಂದು ನಿಮಿಷ ಕಾಯ್ಬೇಕಾಯ್ತು. ಕಾದ್ರು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಕತ್ತಿನ ಹಿಂದೆ, ಕಾಲಿಗೆ ಕಾಲು ಅಡ್ಡ. ಮುಂದಿನ ಎರಡು ಸಾಲಲ್ಲಿ ಒಬ್ರನ್ನೊಬ್ರು ತಿವ್ಕೊಂಡ್ರು. ಆಮೇಲೆ ಮಾವ ಅಕ್ಕನ ಕೈಗೆ ಕೈ ಚಾಚಿದ್ರು ನೋಡಿ, ಅಷ್ಟೂ ಜನ ಒಂದೇ ದನೀಲಿ,

"ಕೈ ತೊಳ್ದಿಲ್ಲಾ."

ಓಲಗದೋನು ಊದೋದು ನಿಲ್ಲಿಸ್ದ. ಅಮ್ಮ ನನ್ನ ರಟ್ಟೆ ಹಿಡ್ಕೊಂಡ್ರು, ಉಗುರು ಇಳೀತು. ಮಾವ ತಮ್ಮ ಕೈ ನೋಡ್ಕೊಂಡ್ರು, ಜನರನ್ನ ನೋಡಿದ್ರು, ನನ್ನ ನೋಡಿದ್ರು. ತಿರುಗಿ ಬಾಗಿಲ ಕಡೆ ನಡೆದ್ರು. ಮುಗೀತು, ಇನ್ನು ಮುಳಬಾಗಿಲು ಬಸ್ಸೇ ಅಂದ್ಕೊಂಡೆ. ಬಾಗಿಲ ಪಕ್ಕ ಒಂದು ನಲ್ಲಿ ಇತ್ತು. ಸೋಪು ಕೇಳಿ ಇಸ್ಕೊಂಡು, ಮೊಣಕೈ ತನಕ ಉಜ್ಜಿ ಉಜ್ಜಿ ತೊಳ್ದು, ನೀರು ತೊಟ್ಟಿಕ್ಕೋ ಕೈ ಎರಡೂ ಮೇಲೆತ್ತಿ ಎಲ್ಲರಿಗೂ ತೋರಿಸ್ತಾ ವಾಪಸ್ ಬಂದ್ರು. ಹುತ್ತೂರಿನ ಅಜ್ಜ ಮೊದಲ ಸಾಲಿಂದ "ಸರಿ" ಅಂದ್ರು. ಮಾವ ಅಕ್ಕನ ಕೈ ಹಿಡಿದ್ರು.

ಮಂಟಪಕ್ಕೆ ಬಿಟ್ಟು ನೇರ ನನ್ನ ಹತ್ರ ಬಂದ್ರು. ಬೈತಾರೆ ಅಂತ ತಲೆ ತಗ್ಗಿಸ್ದೆ. ಕಿವಿ ಹತ್ರ ಬಗ್ಗಿ ಮೆಲ್ಲಗೆ ಹೇಳಿದ್ರು:

"ಇದನ್ನ ಯಾರೋ ವಿಡಿಯೋ ತೆಗ್ದಿದಾರಮ್ಮಾ. ಎಲ್ಲಾ ಗ್ರೂಪಿಗೂ ಕಳ್ಸು. ಫ್ರೀ ಅಂತ್ಲೇ ಹಾಕು."