ಚಿಕ್ಕಮ್ಮನ ಹಿತ್ತಾಳೆ ಮಡಿ

ನಮ್ಮ ಚಿಕ್ಕಮ್ಮನ ಕೈಯಲ್ಲಿ ರೈಫಲ್ ಇದ್ದರೆ ನೀವು ಖಂಡಿತ ಹೆದರಬೇಕಾಗಿಲ್ಲ. ಅದರಿಂದ ಗುಂಡು ಹಾರುವ ಹೊತ್ತಿಗೆ ನೀವು ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಒಂದು ನಿದ್ದೆ ತೆಗೆದು ಎದ್ದಿರುತ್ತೀರಿ. ಹೆದರಬೇಕಾದದ್ದು ಅವಳ ಕೈಯಲ್ಲಿ ಕ್ಯಾಲಿಪರ್ ಇದ್ದಾಗ! ಕೂದಲೆಳೆಯ ದಪ್ಪವನ್ನೂ ಅಳೆಯುವ ಆ ಸಾಧನ ಹಿಡಿದು ಅವಳು ಕನ್ನಡಕದ ಮೇಲಿನಿಂದ ನೋಡಿದರೆ, ನಾನೂ ಎಲ್ಲೋ ಒಂದಿಷ್ಟು ಅಳತೆ ಮೀರಿ ಬೆಳೆದುಬಿಟ್ಟಿದ್ದೇನೋ ಎಂದು ಅನುಮಾನ ಬರುತ್ತದೆ.

ಚಿಕ್ಕಮ್ಮ ಅಂದರೆ ನನ್ನ ಅಮ್ಮನ ತಂಗಿ. ಮೈಸೂರಿನವಳು. ಡೆಟ್ರಾಯಿಟ್ ಕಡೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣು ಒತ್ತಿಕೊಂಡೇ ಆಯುಷ್ಯ ಕಳೆದು ರಿಟೈರ್ ಆದವಳು. ಈಗ ಅಲ್ಲೇ ಹತ್ತಿರದ ಕ್ಯಾಂಟನ್‌ನಲ್ಲಿ ಚಿಕ್ಕಪ್ಪನ ಜೊತೆ ಇದ್ದಾಳೆ. ಮನೆಯೊಳಗೆ ಜೇಡ ಬಂದರೆ ಕಾಗದದ ಲೋಟದಲ್ಲಿ ಕೂರಿಸಿ ಹಿತ್ತಲಿಗೆ ಬಿಟ್ಟು ಬರುತ್ತಾಳೆ. ಚಳಿಗಾಲವಾದರೆ ಗರಾಜಿಗೆ, ಪಾಪ, ಹೊರಗೆ ಶೀತ! ಇಂಥವಳಿಗೆ ರೈಫಲ್ ಹೇಗೆ ಅಂಟಿಕೊಂಡಿತು? ರಿಟೈರ್ ಆದ ಮೇಲೆ ಉಳಿದ ಆಂಟಿಯರು ಜುಂಬಾ ಡ್ಯಾನ್ಸ್ ಹಿಡಿದರು, ಶ್ಲೋಕದ ಕ್ಲಾಸು ಹಿಡಿದರು. ಇವಳನ್ನು ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಒಂದು ಭಾನುವಾರ ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದಳು. ಅಷ್ಟೇ. ಅಜ್ಜಿ ಆಮೇಲೆ ಫ್ಲಾರಿಡಾಕ್ಕೆ ಹೋಗಿ ಗಾಲ್ಫ್ ಆಡತೊಡಗಿದಳು. ಇವಳು ಇಲ್ಲೇ ಉಳಿದಳು, ಹುಚ್ಚೂ ಉಳಿಯಿತು.

ಬೇಟೆಗೀಟೆಯ ಮಾತೇ ಇಲ್ಲ, ದೂರದಲ್ಲಿ ನಿಲ್ಲಿಸಿದ ಕಾಗದಕ್ಕೆ ಗುರಿಯಿಡುವುದು ಮಾತ್ರ. ದೇವಸ್ಥಾನದ ಪಾಟ್‌ಲಕ್ ಊಟದಲ್ಲಿ ಯಾರೋ ಒಬ್ಬರು, ಇದೆಲ್ಲ ಹಿಂಸೆಯಲ್ಲವೇ ಎಂದು ಮೆಲ್ಲಗೆ ಕೇಳಿದ್ದರಂತೆ. ಅವರು ಎಣ್ಣೆಗಾಯಿ ಮಾಡಿಕೊಂಡು ಬಂದಿದ್ದರು. ಆ ಬದನೆಕಾಯಿಗಳಿಗೆ ನೀವು ಮಾಡಿರುವಷ್ಟು ಹಿಂಸೆಯನ್ನು ನಾನು ಕಾಗದಕ್ಕೆ ಈವರೆಗೂ ಮಾಡಿಲ್ಲ ಎಂದಳು ಚಿಕ್ಕಮ್ಮ. ಆ ವಿಷಯ ಅಲ್ಲಿಗೇ ಮುಗಿಯಿತು.

ಕ್ಲಬ್ಬಿನಲ್ಲಿ ಪ್ರತಿ ಬೇಸಿಗೆ ಒಂದು ಪಂದ್ಯ. ಹೋದ ವರ್ಷ ಚಿಕ್ಕಮ್ಮ ಎರಡನೆಯವಳಾದಳು. ಗೆದ್ದದ್ದು ಒಬ್ಬ ಟ್ರಕ್ ಡ್ರೈವರ್. ಎಂಥಾ ಒಳ್ಳೆಯವನೆಂದರೆ ಬಂದು ಇವಳನ್ನು ತಬ್ಬಿಕೊಂಡು ಸಮಾಧಾನ ಹೇಳಿದನಂತೆ. ಸೋಲಿಗಿಂತ ಆ ಸಮಾಧಾನವೇ ಅವಳಿಗೆ ಹೆಚ್ಚು ಉರಿಯಿತು! ನಾಲ್ಕೈದು ಗಂಟೆ ದಾರಿಯ ನೇಪರ್‌ವಿಲ್‌ನಲ್ಲಿದ್ದ ನನಗೆ ಫೋನ್ ಮಾಡಿ, ಬರುವ ವರ್ಷ ಗೆಲ್ಲದೇ ಬಿಡುವುದಿಲ್ಲ ಎಂದು ಮೈಸೂರಿನ ಅಷ್ಟೂ ದೇವರ ಮೇಲೆ ಆಣೆಯಿಟ್ಟಳು. ಅದೇ ವಾರ ಹೊಸ ಹಿತ್ತಾಳೆ ಕೇಸುಗಳಿಗೆ ಆರ್ಡರ್ ಕೊಟ್ಟಳು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ರೈಫಲ್ಲಿಗೆ ಹಾಕುವ ತೋಟಾ ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಆದರೆ ಜನ್ಮದಲ್ಲಿ ಅಂಗಡಿಯ ಸಾರಿನಪುಡಿ ತರದ ಹೆಂಗಸು ಅಂಗಡಿಯ ತೋಟಾ ತರುತ್ತಾಳೆಯೇ? ಕೊಳವೆಯಂಥ ಖಾಲಿ ಹಿತ್ತಾಳೆ ಕೇಸು ತರಿಸಿ, ಮದ್ದು ತುಂಬಿ, ಮೇಲೆ ಗುಂಡು ಕೂರಿಸಿ, ತಾನೇ ಮಾಡಿಕೊಳ್ಳುತ್ತಾಳೆ. ಅದಕ್ಕೂ ಮುಂಚೆ ಕೇಸುಗಳ ಸಂಸ್ಕಾರ. ಒಂದು ಸಲ ನಾನು ಬಾಯಿ ಸುಮ್ಮನಿರದೆ, ಹೊಸದಲ್ಲವೇ, ಸೀದಾ ಉಪಯೋಗಿಸಬಾರದೇ ಎಂದು ಕೇಳಿಬಿಟ್ಟೆ.

“ಅಂಗಡಿಯಿಂದ ಅಕ್ಕಿ ತಂದು ಆರಿಸ್ದೇ ಒಲೆ ಮೇಲಿಡ್ತೀಯಾ?”

“ಇಡ್ತೀನಿ” ಎಂದೆ, ಸತ್ಯವಂತಳಂತೆ.

ಚಿಕ್ಕಮ್ಮ ಆ ಸಂಜೆ ನನ್ನ ಮನೆಯ ಊಟದ ಬಗ್ಗೆ ಅಮ್ಮನಿಗೆ ಫೋನಿನಲ್ಲಿ ವರದಿ ಕೊಟ್ಟಳು.

ಸಂಸ್ಕಾರ ನಡೆಯುವುದು ಬೇಸ್‌ಮೆಂಟಿನಲ್ಲಿ. ಅಂದು ಬೆಳಗ್ಗೆ ಸ್ನಾನ, ಕೈಗೆ ಎಣ್ಣೆಪಸೆ ಇರಬಾರದು, ಕೆಳಗೆ ಯಾರೂ ಇಳಿಯಬಾರದು. ದಾರಿಯಲ್ಲಿ ಅಲುಗಾಡಿ ಕೇಸುಗಳ ಬಾಯಿ ನಗ್ಗಿರುತ್ತದೆ. ಒಂದೊಂದನ್ನೂ ಮೇಜಿಗೆ ಬಿಗಿದ ಒತ್ತುವ ಪ್ರೆಸ್ಸಿಗೆ ಕೊಟ್ಟು ದುಂಡಗೆ ಮಾಡಬೇಕು. ಆಮೇಲೆ ಎಲ್ಲವೂ ಒಂದೇ ಉದ್ದಕ್ಕೆ ಬರುವಂತೆ ಕತ್ತರಿಸಬೇಕು. ಕತ್ತರಿಸಿದ ಬಾಯಿಗೆ ಅಂಚು ಹರಿತವಾಗಿರುತ್ತದಲ್ಲ, ಅದನ್ನು ಬೆರಳುದ್ದದ ಒಂದು ಉಪಕರಣ ಹಾಕಿ ತಿರುವಿ ತಿರುವಿ, ಒಳಗೊಮ್ಮೆ ಹೊರಗೊಮ್ಮೆ ಕೆರೆದು ನುಣುಪು ಮಾಡಬೇಕು. ಬಾಯಿ ಒಂದಿಷ್ಟು ಸೊಟ್ಟವಾದರೂ ಗುಂಡು ಗುರಿ ತಪ್ಪುತ್ತದಂತೆ. ಕೊನೆಗೆ ತೂಕ ಹಾಕಿ ಬೇರೆ ಬೇರೆ ತಟ್ಟೆಗೆ ವಿಂಗಡಿಸಬೇಕು. ಪರೀಕ್ಷೆಯಲ್ಲಿ ಫೇಲಾದವು ದೇವರ ಮನೆಗೆ ಹೋಗಿ ಊದುಬತ್ತಿ ಸ್ಟ್ಯಾಂಡ್ ಆಗುತ್ತವೆ. ಅಲ್ಲಿ ಎಷ್ಟು ಸ್ಟ್ಯಾಂಡ್ ಇವೆಯೆಂದರೆ, ಎಲ್ಲದರಲ್ಲೂ ಒಟ್ಟಿಗೆ ಊದುಬತ್ತಿ ಹಚ್ಚಿದರೆ ಅಗ್ನಿಶಾಮಕದವರು ಬರಬೇಕಾಗುತ್ತದೆ!

ಚಿಕ್ಕಪ್ಪ ಕಾರು ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು, ಅಳತೆಯಲ್ಲೇ ತಲೆ ನರೆಸಿಕೊಂಡವರು. ಆದರೂ ಅವರಿಗೆ ಬೇಸ್‌ಮೆಂಟಿಗೆ ಪ್ರವೇಶವಿರಲಿಲ್ಲ. ಬಾಗಿಲಿಗೆ ಬಂದ ಪೆಟ್ಟಿಗೆಯನ್ನು ಮೆಟ್ಟಿಲಿನ ತುದಿಯವರೆಗೆ ತಂದಿಡುವುದಷ್ಟೇ ಅವರ ಸೇವೆ. ನಿಮ್ಮ ಚಿಕ್ಕಮ್ಮ ಮಡಿಯಲ್ಲಿದಾಳೆ, ಸಂಜೆ ಫೋನ್ ಮಾಡು ಎಂದು ಅವರು ಹೇಳಿದರೆ, ಅದು ದೇವರ ಮಡಿಯಲ್ಲ, ಈ ಮಡಿ ಎಂದು ನಾನು ತಿಳಿದುಕೊಳ್ಳಬೇಕು.

ಆ ಮಡಿ ಮುರಿದವಳು ನನ್ನ ಅಮ್ಮ. ಮೈಸೂರಿನಿಂದ ಬಂದು ತಂಗಿಯ ಮನೆಯಲ್ಲಿದ್ದಳು. ಚಿಕ್ಕಮ್ಮ ಇಂಡಿಯನ್ ಸ್ಟೋರಿಗೆ ಹೋಗಿದ್ದಾಗ ಕುತೂಹಲಕ್ಕೆ ಕೆಳಗೆ ಇಳಿದಳು. ಸಾಲುಸಾಲು ಹೊಸ ಹಿತ್ತಾಳೆ, ಆದರೆ ಒಂದೊಂದರ ಕತ್ತಿನ ಹತ್ತಿರವೂ ನೀಲಿಗಪ್ಪು ಕಲೆ! ಆ ಭಾಗವನ್ನು ಕಾರ್ಖಾನೆಯಲ್ಲಿ ಬೇಕೆಂದೇ ಕಾಯಿಸಿರುತ್ತಾರೆ, ಲೋಹ ಮೆದುವಾಗಿ ಸೀಳದಿರಲಿ ಎಂದು. ಅಮ್ಮನಿಗೇನು ಗೊತ್ತು? ಪಾಪ, ತಂಗಿಗೆ ಹಿತ್ತಾಳೆ ಬೆಳಗುವುದಕ್ಕೂ ಪುರುಸೊತ್ತಿಲ್ಲ ಎಂದು ಕರುಳು ಚುರುಕ್ ಎಂದಿತು. ಹುಣಸೆಹಣ್ಣು ನೆನೆಹಾಕಿದಳು, ಉಪ್ಪು ಬೆರೆಸಿದಳು, ಕೂತು ತಿಕ್ಕಿದಳು. ಚಿಕ್ಕಮ್ಮ ಮನೆಗೆ ಬರುವಷ್ಟರಲ್ಲಿ ಅಷ್ಟೂ ಕೇಸುಗಳು ಬಂಗಾರದಂತೆ ಹೊಳೆಯುತ್ತ ಹಳೇ ಸೀರೆಯ ಮೇಲೆ ಬೋರಲು ಒಣಗುತ್ತಿದ್ದವು. ತೂಕ ನೋಡಿ ವಿಂಗಡಿಸಿದ್ದ ತಟ್ಟೆಗಳನ್ನೆಲ್ಲ ತೊಳೆದು ಒಂದರ ಮೇಲೊಂದು ಕವುಚಿಟ್ಟಾಗಿತ್ತು.

“ಅಕ್ಕಾ, ಆ ಕಲೆ ಇದ್ರೇನೇ ಅದು ಒಳ್ಳೇ ಮಾಲು ಅಂತ ಅರ್ಥ.”

“ಕಲೆ ಇದ್ರೆ ಒಳ್ಳೇ ಮಾಲಾ? ಯಾರೋ ನಿಂಗೆ ಚೆನ್ನಾಗಿ ಟೋಪಿ ಹಾಕಿದಾರೆ ಬಿಡು.”

ಚಿಕ್ಕಮ್ಮ ಎರಡು ದಿನ ಅಕ್ಕನ ಹತ್ತಿರ ಮಾತಾಡಲಿಲ್ಲ. ಕೂತು ಎಲ್ಲವನ್ನೂ ಮತ್ತೆ ತೂಗಿದಳು. ಆದರೆ ಕ್ಲಬ್ಬಿನಲ್ಲಿ ಆ ಹೊಳಪು ಕಂಡು ಜನ ಬೆರಗಾದರಂತೆ, ಯಾವ ಪಾಲಿಶ್ ಎಂದು ದುಂಬಾಲು ಬಿದ್ದರಂತೆ. ಈಗ ಆ ಟ್ರಕ್ ಡ್ರೈವರ್ ಕ್ಯಾಂಟನ್ನಿನ ಇಂಡಿಯನ್ ಸ್ಟೋರಿಗೆ ತಾನೇ ಹೋಗಿ ಹುಣಸೆಹಣ್ಣು ತರುತ್ತಾನೆ. ಬೀಜ ತೆಗೆದದ್ದೇ ಬೇಕೆಂದು ಕೇಳುತ್ತಾನಂತೆ!

ಬೆಳಗಿದ ಆ ಕೇಸುಗಳನ್ನು ಚಿಕ್ಕಮ್ಮ ಅಭ್ಯಾಸಕ್ಕೆಂದು ಇಟ್ಟುಕೊಂಡು, ಪಂದ್ಯಕ್ಕೆ ಬೇರೆ ಪೆಟ್ಟಿಗೆ ತರಿಸಿದಳು. ಅದು ಬಂದ ವಾರದಲ್ಲೇ, ಜನವರಿಯ ಹಿಮದ ನಡುವೆ, ಚಿಕ್ಕಪ್ಪನಿಗೆ ಸ್ಟ್ರೋಕ್ ಆಯಿತು.

ಜೀವಕ್ಕೆ ಅಪಾಯವಾಗಲಿಲ್ಲ. ಮಾತು ಬೇಗ ಮರಳಿತು, ಕಾಲೂ ಬಂತು. ಬಲಗೈ ಮಾತ್ರ ಬರಲಿಲ್ಲ. ಮೊದಲ ಕೆಲವು ತಿಂಗಳು ಬೆರಳುಗಳಿಗೆ ಕೆಲಸ ಕೊಟ್ಟರೆ ಬರಬಹುದು, ಸುಮ್ಮನೆ ಬಿಟ್ಟರೆ ಕಷ್ಟ ಎಂದರು ಡಾಕ್ಟರು. ಥೆರಪಿಸ್ಟ್ ಹಿಸುಕಲು ಚೆಂಡು ಕೊಟ್ಟಳು, ರಂಧ್ರಗಳಿಗೆ ಸಿಕ್ಕಿಸಲು ಬಣ್ಣದ ಕಡ್ಡಿ ಕೊಟ್ಟಳು. ಚಿಕ್ಕಪ್ಪ ಮುಟ್ಟಲಿಲ್ಲ. ಎಲ್‌ಕೆಜಿ ಆಟ ಎಂದು ಮುಖ ತಿರುಗಿಸಿ ಟೀವಿಯ ಮುಂದೆ ಕೂತರು. ಚಿಕ್ಕಮ್ಮ ಗದರಿದಳು, ಗೋಗರೆದಳು, ಹರಕೆ ಹೊತ್ತಳು. ಕೈ ತೊಡೆಯ ಮೇಲೆ ಬಿದ್ದಲ್ಲೇ ಬಿದ್ದಿತ್ತು.

ಆಗ ನಾನು ಅಲ್ಲಿಗೆ ಹೋಗಿದ್ದೆ. ಒಂದು ಮಧ್ಯಾಹ್ನ ಚಿಕ್ಕಮ್ಮ ಬೇಸ್‌ಮೆಂಟಿನಿಂದ ಮೇಲೆ ಬಂದು, ಹೊಸ ಪೆಟ್ಟಿಗೆಯನ್ನು ಊಟದ ಮೇಜಿನ ಮೇಲೆ ಇಟ್ಟಳು. ಊಟದ ಮೇಜಿನ ಮೇಲೆ, ಉಪ್ಪಿನಕಾಯಿಯ ಪಕ್ಕ!

“ನನ್ನ ಮಣಿಕಟ್ಟು ನೋಯ್ತಿದೆ ಕಣ್ರೀ. ಉದ್ದ ಸರಿ ಮಾಡಿದೀನಿ. ಬಾಯಿ ಕೆರೆಯೋದು ಈ ಸಲ ನೀವೇ ಮಾಡ್ಕೊಡಿ.”

ಚಿಕ್ಕಪ್ಪ ಅವಳನ್ನೇ ನೋಡಿದರು. “ನಂಗೆ ಮುಟ್ಟೋಕೆ ಬಿಡ್ತೀಯಾ?”

“ಕೈ ತೊಳ್ಕೊಂಡು ಬನ್ನಿ.”

ಮೊದಲ ದಿನ ಒಂದೇ ಒಂದು ಕೇಸು ಆಯಿತು. ಎಡಗೈಯಲ್ಲಿ ಕೇಸು ಹಿಡಿದು, ಬಲಗೈಯ ಬೆರಳಿಗೆ ಉಪಕರಣ ಸಿಕ್ಕಿಸಿ ತಿರುವುತ್ತಿದ್ದರು. ಅದು ಜಾರಿ ಬೀಳುತ್ತಿತ್ತು, ಮತ್ತೆ ಎತ್ತಿಕೊಳ್ಳುತ್ತಿದ್ದರು. ಟೀವಿ ಆಫ್ ಆಗಿತ್ತು. ಎಂಜಿನಿಯರಲ್ಲವೇ, ಕೆಲಸವೆಂದ ಮೇಲೆ ಬಿಡುವವರಲ್ಲ. ಮಣಿಕಟ್ಟು ನೋವೆಂದ ಚಿಕ್ಕಮ್ಮ ಒಳಗೆ ಹೋಗಿ ಚಪಾತಿ ಹಿಟ್ಟು ಗುದ್ದಿ ಗುದ್ದಿ ನಾದುತ್ತಿದ್ದಳು.

ವಸಂತದಲ್ಲಿ ಮತ್ತೆ ಹೋದಾಗ ಪೆಟ್ಟಿಗೆ ಮುಗಿಯುತ್ತ ಬಂದಿತ್ತು. ಒಂದನ್ನು ಎತ್ತಿ ನೋಡಿದೆ. ಬಾಯಿಯ ಒಂದು ಪಕ್ಕ ಆಳವಾಗಿ ಕೆರೆದಿತ್ತು, ಇನ್ನೊಂದು ಪಕ್ಕ ಹಾಗೇ ಇತ್ತು. ನನಗೇ ಕಾಣುವಷ್ಟು ಸೊಟ್ಟ! ಇದನ್ನೇ ಪಂದ್ಯಕ್ಕೆ ಇಟ್ಟುಕೊಳ್ಳುತ್ತೀಯಾ, ಬೇರೆ ಪೆಟ್ಟಿಗೆ ತರಿಸಬಾರದೇ ಎಂದು ಮೆಲ್ಲಗೆ ಕೇಳಿದೆ. ಚಿಕ್ಕಮ್ಮ ನನ್ನ ಕೈಯಿಂದ ಕೇಸು ಕಿತ್ತುಕೊಂಡು ತಟ್ಟೆಗೆ ಹಾಕಿದಳು.

“ಅಪಾಯ ಇರೋದನ್ನ ತೆಗೆದಿಟ್ಟಿದೀನಿ. ಸೊಟ್ಟ ಇರೋದನ್ನಲ್ಲ. ಪಂದ್ಯದಲ್ಲಿ ನೋಡೋಕೆ ಅವರೂ ಬರ್ತಾರೆ.”

ಜುಲೈಯಲ್ಲಿ ಪಂದ್ಯ. ನಾನೂ ನೇಪರ್‌ವಿಲ್‌ನಿಂದ ಡ್ರೈವ್ ಮಾಡಿಕೊಂಡು ಹೋದೆ. ಚಿಕ್ಕಪ್ಪ ಕಿವಿಗೆ ಸದ್ದು ತಡೆಯುವ ದೊಡ್ಡ ಮಫ್ ಹಾಕಿಕೊಂಡು, ಮಡಚುವ ಕುರ್ಚಿಯಲ್ಲಿ ಕೂತು, ಮದುವೆ ಮನೆಯ ಬೀಗರ ಹಾಗೆ ಎಲ್ಲರನ್ನೂ ಗಮನಿಸುತ್ತಿದ್ದರು. ಚಿಕ್ಕಮ್ಮ ಸಲ್ವಾರ್ ಸರಿಮಾಡಿಕೊಂಡು ಬೆಂಚಿನಲ್ಲಿ ಕೂತಳು. ಎಂದಿನಂತೆ ನಿಧಾನ, ಎಂದಿನಂತೆ ಉಸಿರು ಹಿಡಿದು. ಗುಂಡುಗಳು ಮಾತ್ರ ಎಂದಿನಂತೆ ಒಂದರ ಮೇಲೊಂದು ಬೀಳಲಿಲ್ಲ. ಒಂದು ಮೇಲೆ, ಒಂದು ಅತ್ತ, ಒಂದು ಇತ್ತ. ಫಲಿತಾಂಶ ಹೇಳಿದಾಗ ಅವಳ ಹೆಸರು ಪಟ್ಟಿಯ ತೀರಾ ಕೆಳಗಿತ್ತು. ಮತ್ತೆ ಆ ಟ್ರಕ್ ಡ್ರೈವರೇ ಗೆದ್ದ. ಈ ಸಲ ಅವನು ತಬ್ಬಿಕೊಳ್ಳಲು ಬರದೆ, ದೂರದಿಂದಲೇ ಟೋಪಿ ತೆಗೆದು ಹಾಕಿಕೊಂಡ.

ಚಿಕ್ಕಪ್ಪ ದುರ್ಬೀನಿನಿಂದ ಕಾಗದವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ಬೆಂಚಿನ ಹತ್ತಿರ ಬಂದರು.

“ನನ್ನ ಕೆಲ್ಸ ಸರಿಯಾಗಿರ್ಲಿಲ್ಲ ಅಲ್ವೇನೇ?”

ಚಿಕ್ಕಮ್ಮ ರೈಫಲ್ ಚೀಲದ ಜಿಪ್ ಎಳೆಯುತ್ತ, ತಲೆ ಎತ್ತದೆ ಹೇಳಿದಳು. “ಕೆಲ್ಸ ಚೆನ್ನಾಗೇ ಇತ್ತು. ಹಾಳು ಗಾಳಿ ಕಣ್ರೀ.”

ಮೈದಾನದ ಉದ್ದಕ್ಕೂ ಗಾಳಿ ನೋಡಲೆಂದು ಪುಟ್ಟ ಬಾವುಟಗಳನ್ನು ನೆಟ್ಟಿರುತ್ತಾರೆ. ಅವೆಲ್ಲ ಆ ಬಿಸಿಲಿನಲ್ಲಿ ಕಂಬಕ್ಕೆ ಅಂಟಿಕೊಂಡು ನೇತಾಡುತ್ತಿದ್ದವು. ಒಂದೆಲೆಯೂ ಅಲುಗುತ್ತಿರಲಿಲ್ಲ. ಕೂದಲೆಳೆಯಷ್ಟು ತಪ್ಪನ್ನೂ ಬಿಡದ ಹೆಂಗಸು ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ಸಲೀಸಾಗಿ ಹೇಳಿದ್ದಳು. ಚಿಕ್ಕಪ್ಪ ಆ ಬಾವುಟಗಳ ಕಡೆ ನೋಡಿದರು. ಒಂದೊಂದನ್ನೇ, ಕೊನೆಯವರೆಗೂ ನೋಡಿದರು.

“ಹೌದು, ಜೋರು ಗಾಳಿ” ಎಂದರು.

ಆಮೇಲೆ ಬೆಂಚಿನ ಮೇಲೆ ಬಿದ್ದಿದ್ದ ಖಾಲಿ ಕೇಸುಗಳನ್ನು ಬಲಗೈಯಿಂದ ಒಂದೊಂದಾಗಿ, ಎರಡು ಬೆರಳಲ್ಲಿ ಹಿಡಿದು ಎತ್ತಿ ಡಬ್ಬಿಗೆ ಹಾಕತೊಡಗಿದರು. ಹಿಂದೆ ಜಾಗಕ್ಕಾಗಿ ಯಾರೋ ಕಾಯುತ್ತಿದ್ದರು. ನಾನು ಸಹಾಯಕ್ಕೆಂದು ಕೈ ಚಾಚಿದೆ. ಚಿಕ್ಕಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಕೊನೆಯ ಕೇಸು ಡಬ್ಬಿಗೆ ಬೀಳುವವರೆಗೂ ಬಿಡಲಿಲ್ಲ.