ಕೋಚ್ ಸಾರ್ ನೋಡಿದ ಗೋಲು

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಬೂಟಿನ ಒಂದು ಲೇಸು. ಫೈನಲ್ ಮ್ಯಾಚ್ ಶುರುವಾದ ಸ್ವಲ್ಪ ಹೊತ್ತಿಗೇ ಅದು ಬಿಚ್ಚಿಕೊಂಡಿತು. ಮಹಿಳಾ ಕಾಲೇಜಿನ ಫುಟ್‌ಬಾಲ್ ಕೋಚ್ ಸಾರ್ ಕಟ್ಟಿಕೊಳ್ಳಲು ಬಗ್ಗಿದರು. ಅಷ್ಟರಲ್ಲಿ ಮೈದಾನದ ತುಂಬ ಹೋ ಎಂದು ಕೂಗೆದ್ದಿತು. ತಲೆಯೆತ್ತಿದರೆ ಚೆಂಡು ಎದುರಾಳಿಗಳ ಬಲೆಯೊಳಗಿದೆ, ತಮ್ಮ ಹುಡುಗಿಯರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕಿರುಚುತ್ತಿದ್ದಾರೆ.

"ಯಾರು ಹೊಡೆದಿದ್ದು? ಹೇಗೆ ಹೊಡೆದ್ಲು?" ಎಂದು ಬೆಂಚಿನ ಮೇಲಿದ್ದ ಹುಡುಗಿಯನ್ನು ಕೇಳಿದರು.

"ಅಯ್ಯೋ, ನೀವು ನೋಡ್ಲಿಲ್ವಾ ಸಾರ್?"

ನೋಡಿರಲಿಲ್ಲ. ಅವರ ಹಣೆಬರಹವೇ ಅಷ್ಟು. ಹನ್ನೊಂದು ವರ್ಷದಿಂದ ಆ ಕಾಲೇಜಿನಲ್ಲಿ ಹಂಗಾಮಿ ಕೋಚ್ ಆಗಿದ್ದವರು ತಮ್ಮ ತಂಡ ಗೋಲು ಹೊಡೆಯುವುದನ್ನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ತಂಡ ಹೊಡೆದ ಗೋಲುಗಳೇ ಅಪರೂಪ. ಆ ಅಪರೂಪದ ಗೋಲುಗಳು ಬಿದ್ದಾಗ ಇವರು ಒಮ್ಮೆ ನೀರು ತರಲು ಹೋಗಿದ್ದರು, ಒಮ್ಮೆ ರೆಫರಿಯ ಜೊತೆ ಜಗಳಕ್ಕೆ ನಿಂತಿದ್ದರು, ಇನ್ನೊಮ್ಮೆ ಜೋರಾಗಿ ಸೀನುತ್ತಿದ್ದರು. ಕರಿಹಲಗೆಯ ಮೇಲೆ ಬಾಣಗಳನ್ನು ಬರೆದು ಬರೆದು ಅವರ ಸೀಮೆಸುಣ್ಣ ಸವೆದಿತ್ತು. ಬಾಣ ಹೋದ ಕಡೆ ಚೆಂಡು ಹೋಗುವುದನ್ನು ನೋಡುವ ಭಾಗ್ಯ ಮಾತ್ರ ಸಿಕ್ಕಿರಲಿಲ್ಲ.

ಈ ಸಲ ಫೈನಲ್ಲಿಗೆ ಬಂದದ್ದೂ ಒಂದು ಪವಾಡ. ಮೊದಲ ಸುತ್ತಿನಲ್ಲಿ ಎದುರು ತಂಡದ ಅರ್ಧ ಹುಡುಗಿಯರಿಗೆ ಕೆಪ್ಪಟೆ ಬಾವು. ಎರಡನೆಯ ಸುತ್ತಿನಲ್ಲಿ ಎದುರು ತಂಡದ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಹೀಗೆ ಕಾಲಿಗೆ ಚೆಂಡು ತಾಗಿಸದೆಯೇ ಫೈನಲ್ ತಲುಪಿದ ತಂಡವನ್ನು ಕಂಡು ಪ್ರಿನ್ಸಿಪಾಲರಿಗೆ ಹುರುಪು ಬಂದುಬಿಟ್ಟಿತ್ತು. ಬೆಳಿಗ್ಗೆಯೇ ಕೋಚ್ ಸಾರನ್ನು ಕರೆಸಿ ಕೂರಿಸಿಕೊಂಡಿದ್ದರು.

"ನೋಡ್ರಿ, ಇವತ್ತು ಕಪ್ ಬಂದ್ರೆ ಮೈದಾನದಲ್ಲೇ ನಿಮ್ಮ ಖಾಯಂ ಆರ್ಡರಿಗೆ ಸಹಿ ಹಾಕ್ತೀನಿ. ಬರ್ಲಿಲ್ಲ ಅಂದ್ರೆ ಮೈದಾನವನ್ನ ಗಾಡಿ ನಿಲ್ಲಿಸೋಕೆ ಬಿಟ್ಟುಬಿಡ್ತೀನಿ. ನೀವು ಅಲ್ಲೇ ನಿಂತು ಗಾಡಿಗಳಿಗೆ ದಾರಿ ತೋರಿಸಬಹುದು. ಸೀಟಿ ಹೇಗೂ ನಿಮ್ಮ ಹತ್ರಾನೇ ಇದೆ."

ಕೋಚ್ ಸಾರ್ ಆ ಗಾಬರಿಯಲ್ಲಿ ಊಟದ ಡಬ್ಬಿಯನ್ನೂ ಮನೆಯಲ್ಲೇ ಮರೆತು ಬಂದಿದ್ದರು.

ಲೇಸು ಕಟ್ಟಿ ನೆಟ್ಟಗೆ ನಿಂತರು. ನಿಂತದ್ದೇ ತಡ, ಎದುರಾಳಿಗಳು ಒಂದು ಗೋಲು ಹೊಡೆದರು. ಗೋಲು ಕಾಯುವ ಹುಡುಗಿಗೆ ಗೆಳತಿಯರು ಜರಡಿ ಎಂದು ಸುಮ್ಮನೆ ಹೆಸರಿಟ್ಟಿರಲಿಲ್ಲ. ಲೇಸು ಮತ್ತೆ ಬಿಚ್ಚಿತು. ಬಗ್ಗಿದರು. ತಂಡದ ನಾಯಕಿ, ಎಲ್ಲರೂ ಬುಲ್ಡೋಜರ್ ಎನ್ನುತ್ತಿದ್ದವಳು, ಒದ್ದ ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಗೆ ಹೋಯಿತು. ಇವರು ಎದ್ದರು. ಎದುರಾಳಿಗಳಿಗೆ ಇನ್ನೊಂದು ಗೋಲು.

ಹಿಂದಿನ ಸಾಲಿನಲ್ಲಿ ಕೂತಿದ್ದ ಸಂಖ್ಯಾಶಾಸ್ತ್ರದ ಮೇಷ್ಟರು ಧಡಕ್ಕನೆ ಎದ್ದು ನಿಂತರು. ಅವರು ಜೀವನದಲ್ಲಿ ಚೆಂಡು ಮುಟ್ಟಿದವರಲ್ಲ. ಆದರೆ ಊರಿನ ಯಾವ ವಿಷಯದಲ್ಲೂ ಮೂಗು ತೂರಿಸದೆ ಬಿಟ್ಟವರೂ ಅಲ್ಲ.

"ಗೊತ್ತಾಯ್ತು ಸಾರ್!" ಎಂದು ಪ್ರಿನ್ಸಿಪಾಲರ ತೋಳು ಹಿಡಿದರು. "ಇವರು ಬಗ್ಗಿದ್ರೆ ನಮಗೆ ಲಾಭ, ಎದ್ರೆ ನಷ್ಟ. ಹಳೇದೆಲ್ಲ ನೆನಪು ಮಾಡ್ಕೊಳ್ಳಿ. ಇವರು ನೋಡ್ತಿದ್ದಾಗ ನಾವು ಯಾವತ್ತಾದ್ರೂ ಗೋಲು ಹೊಡೆದಿದೀವಾ?"

ಪ್ರಿನ್ಸಿಪಾಲರು ನೆನಪು ಮಾಡಿಕೊಂಡರು. ಅವರ ಹುಬ್ಬು ಹಣೆಯ ಮೇಲಕ್ಕೆ ಹೋಯಿತು.

"ಕೋಚ್, ಬಗ್ಗ್ರೀ!"

"ಸಾರ್, ಲೇಸು ಕಟ್ಟಿ ಆಯ್ತು..."

"ಬಿಚ್ಚಿ ಕಟ್ಟ್ರೀ!"

ಅಷ್ಟರಲ್ಲಿ ಸುದ್ದಿ ಕಾಲೇಜಿಗೆಲ್ಲ ಹಬ್ಬಿತು. ಸೊಂಟ ಹಿಡಿದುಕೊಂಡು ಎದ್ದಾಗಲೆಲ್ಲ ಕೋಚ್ ಸಾರ್ ಬೈಗುಳ ತಿಂದರು. ಲೈಬ್ರರಿಯನ್ ಮೇಡಂ ತಮ್ಮ ಛತ್ರಿ ಬಿಚ್ಚಿ ಅವರ ಮುಖಕ್ಕೆ ಅಡ್ಡ ಹಿಡಿದರು. ಕ್ಯಾಂಟೀನಿನವನು ಕಣ್ಣಿಗೆ ಕಟ್ಟಿಕೊಳ್ಳಲು ಒರೆಸುವ ಬಟ್ಟೆ ತಂದುಕೊಟ್ಟ. ಅದರ ವಾಸನೆಗೆ ಕಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಅರ್ಧ ಆಟ ಮುಗಿದಾಗ ಎರಡು-ಒಂದು ಗೋಲಿನಿಂದ ತಂಡ ಹಿಂದೆ ಬಿದ್ದಿತ್ತು.

"ಬಗ್ಗಿದ್ರೆ ಸಾಲದು, ಇವರು ಸಂದಿಯಲ್ಲಿ ಇಣುಕ್ತಿದಾರೆ," ಎಂದರು ಸಂಖ್ಯಾಶಾಸ್ತ್ರದ ಮೇಷ್ಟರು. "ಒಳಗೆ ಹಾಕಿ ಬೀಗ ಹಾಕ್ಬೇಕು."

"ಸಾರ್, ನಾನು ಕೋಚ್ ಸಾರ್!"

"ಅದಕ್ಕೇ ಹೇಳ್ತಿರೋದು," ಎಂದರು ಪ್ರಿನ್ಸಿಪಾಲರು. "ಖಾಯಂ ಆಗ್ಬೇಕೋ ಬೇಡವೋ?"

ಕೋಚ್ ಸಾರ್ ಕೊರಳಿನ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡರು. ವಾಚ್‌ಮನ್ ಅವರನ್ನು ಆಟದ ಸಾಮಾನಿನ ಕೋಣೆಗೆ ಕರೆದೊಯ್ದು, ಹೊರಗಿನಿಂದ ಬೀಗ ಜಡಿದ.

ಇತ್ತ ರೆಫರಿ ತಗಾದೆ ತೆಗೆದ. ತಂಡದ ಕಡೆಯ ದೊಡ್ಡವರೊಬ್ಬರು ಬೆಂಚಿನಲ್ಲಿ ಇಲ್ಲದೆ ಆಟ ಶುರು ಮಾಡುವಂತಿಲ್ಲ ಎಂದ. ಸೋತರೆ ತಲೆಗೆ ಬರುತ್ತದೆಂದು ಯಾರೂ ಮುಂದೆ ಬರಲಿಲ್ಲ. ಸಂಖ್ಯಾಶಾಸ್ತ್ರದ ಮೇಷ್ಟರಂತೂ ಕೆಮ್ಮುತ್ತಾ ಹಿಂದಿನ ಸಾಲಿಗೆ ಹೋಗಿ ಕೂತರು. ಸರಿಯಾಗಿ ಅದೇ ಹೊತ್ತಿಗೆ ಕೋಚ್ ಸಾರ್ ಹೆಂಡತಿ ಮರೆತ ಊಟದ ಡಬ್ಬಿ ಹಿಡಿದುಕೊಂಡು ಗೇಟಿನೊಳಗೆ ಬಂದರು.

"ಅಮ್ಮಾ, ಸ್ವಲ್ಪ ಇಲ್ಲಿ ಕೂತ್ಕೊಳ್ಳಿ," ಎಂದು ಪ್ರಿನ್ಸಿಪಾಲರು ಅವರನ್ನು ಬೆಂಚಿನ ಮೇಲೆ ಕೂರಿಸಿಯೇ ಬಿಟ್ಟರು.

ಸಾಮಾನಿನ ಕೋಣೆಯಲ್ಲಿ ಗಾಳಿ ಹೋದ ಚೆಂಡುಗಳು, ಮುರಿದ ಹರ್ಡಲ್‌ಗಳು, ಒಣಗದ ಸಾಕ್ಸುಗಳು. ಕೋಚ್ ಸಾರ್ ಹರಿದ ಹಾಸಿನ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತರು. ಹೊರಗೊಮ್ಮೆ ಭಾರಿ ಗದ್ದಲವೆದ್ದಿತು. ವಾಚ್‌ಮನ್ ಓಡಿಬಂದು ಬಾಗಿಲು ಬಡಿದ.

"ಸಾರ್, ಎರಡು ಎರಡು! ಸಮ ಆಯ್ತು ಸಾರ್! ಅಲ್ಲಾಡ್ಬೇಡಿ, ಹಾಗೇ ಇರಿ!"

ಅಂದರೆ ಮೇಷ್ಟರು ಹೇಳಿದ್ದು ನಿಜ. ಕೋಚ್ ಸಾರಿಗೆ ಅಳು ಬಂತು. ತಾನು ಸಾಕಿ ಬೆಳೆಸಿದ ತಂಡಕ್ಕೆ ತನ್ನ ಕಣ್ಣೇ ತಾಗುತ್ತದೆ ಎಂದರೆ ಯಾರಿಗೆ ತಾನೇ ಸಂಕಟವಾಗುವುದಿಲ್ಲ? ಗೋಡೆಯ ಮೇಲ್ಭಾಗದಲ್ಲಿ ಗಾಳಿಗೆಂದು ಒಂದು ಕಿಂಡಿಯಿತ್ತು. ಅತ್ತ ನೋಡಬಾರದೆಂದು ಗೋಡೆಗೆ ಬೆನ್ನು ಹಾಕಿದರು. ಖಾಯಂ ಕೆಲಸ, ಖಾಯಂ ಕೆಲಸ ಎಂದು ಜಪ ಮಾಡಿದರು. ಮಕ್ಕಳ ಫೀಸು, ಮಾವನ ಎದುರು ತಲೆಯೆತ್ತಿ ಕೂರುವುದು, ಎಲ್ಲವನ್ನೂ ನೆನೆದರು.

ಆದರೆ ಹೊರಗೆ ಬುಲ್ಡೋಜರಿನ ಧ್ವನಿ ಕೇಳಿಸಿತು. "ಸಾರ್ ಹೇಳಿದ್ದು ನೆನಪಿದೆ ತಾನೇ? ಎಡಗಡೆಯಿಂದ, ಎಡಗಡೆಯಿಂದ!"

ಆ ಬಾಣ ಅವರದೇ. ಹಲಗೆಯ ಮೇಲೆ ಸಾವಿರ ಸಲ ಬರೆದದ್ದು.

"ಹಾಳಾಗಿ ಹೋಗ್ಲಿ ಖಾಯಂ!" ಎಂದರು ಕೋಚ್ ಸಾರ್. ಮೇಜಿನ ಮೇಲೆ ಹಾಸು, ಹಾಸಿನ ಮೇಲೆ ಸ್ಟೂಲು ಇಟ್ಟು, ಜೀವ ಕೈಯಲ್ಲಿ ಹಿಡಿದು ಹತ್ತಿ, ಕಿಂಡಿಗೆ ಮುಖವಿಟ್ಟರು. ಬುಲ್ಡೋಜರ್ ಎಡಗಡೆಯಿಂದ ನುಗ್ಗಿದಳು. ಇಬ್ಬರನ್ನು ದಾಟಿದಳು. ಎಡಗಾಲಿನಿಂದ, ನೆಲಕ್ಕೆ ಅಂಟಿದಂತೆ, ಮೂಲೆಗೆ ಒದ್ದಳು. ಚೆಂಡು ಬಲೆಯೊಳಗೆ ಹೋಗಿ ಬೆಚ್ಚಗೆ ಕೂತಿತು. ಕೋಚ್ ಸಾರ್ ಕಣ್ಣು ಬಿಟ್ಟುಕೊಂಡೇ ಇದ್ದರು. ಮರುಕ್ಷಣ ಸ್ಟೂಲು, ಹಾಸು, ಕೋಚ್ ಎಲ್ಲ ಒಟ್ಟಿಗೇ ಕೆಳಗೆ ಬಂದರೂ ಅವರು ನಗುತ್ತಲೇ ಬಿದ್ದರು.

ಆಟ ಮುಗಿದ ಸೀಟಿ ಕೇಳಿಸಿತು. ಬೀಗ ತೆಗೆದು ಅವರನ್ನು ಹುಡುಗಿಯರು ಹೆಗಲ ಮೇಲೆ ಹೊತ್ತು ತಂದರು. ಪ್ರಿನ್ಸಿಪಾಲರು ಆರ್ಡರು ಹರವಿಕೊಂಡು, ಪೆನ್ನಿನ ಕ್ಯಾಪು ತೆಗೆದು ಕಾಯುತ್ತಿದ್ದರು.

"ಎಂಥ ತ್ಯಾಗ ಕಣ್ರೀ ನಿಮ್ಮದು! ನೋಡದೆ ಗೆಲ್ಲಿಸಿದ ಕೋಚ್ ಅಂದ್ರೆ ಜಗತ್ತಿನಲ್ಲಿ ನೀವೊಬ್ಬರೇ."

ಇಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಕತೆ ಬೇರೆಯೇ ಆಗುತ್ತಿತ್ತು. ಆದರೆ ಹನ್ನೊಂದು ವರ್ಷದ ಆಸೆ ಬಾಯಿಯಲ್ಲಿ ನಿಲ್ಲಲಿಲ್ಲ.

"ನೋಡಿದೆ ಸಾರ್! ಕಿಂಡಿಯಿಂದ ನೋಡಿದೆ! ಎಡಗಾಲು, ನೆಲಕ್ಕೆ ಅಂಟಿದ ಹಾಗೆ, ಮೂಲೆಗೆ!"

ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು. ಪ್ರಿನ್ಸಿಪಾಲರು ಸಂಖ್ಯಾಶಾಸ್ತ್ರದ ಮೇಷ್ಟರ ಮುಖ ನೋಡಿದರು. ಮೇಷ್ಟರು ಗಲ್ಲ ತುರಿಸಿಕೊಂಡರು.

"ಇವರು ನೋಡಿದಾಗಲೂ ಗೋಲು ಬಿತ್ತು ಅಂದ್ರೆ, ಇವರು ನೋಡದೆ ಇದ್ದದ್ದು ಗೆಲುವಿಗೆ ಕಾರಣ ಅಲ್ಲ ಸಾರ್. ಹಾಗಿದ್ರೆ ಇವರು ಮಾಡಿದ್ದೇನು? ಏನೂ ಇಲ್ಲ. ನನ್ನ ಲೆಕ್ಕದಲ್ಲಿ ಒಂದೇ ತಪ್ಪಾಗಿತ್ತು. ನೋಡಬಾರದಾಗಿದ್ದು ಇವರಲ್ಲ, ಬೆಂಚಿನ ಮೇಲೆ ಕೂತವರು."

"ಬೆಂಚಿನ ಮೇಲೆ ಕೂತವರು ನೋಡ್ತಿದ್ರಾ?"

"ಇಲ್ಲ ಸಾರ್," ಎಂದಳು ಜರಡಿ. "ಮೇಡಂ ಪೂರ್ತಿ ಹೊತ್ತು ಫೋನಲ್ಲೇ ಇದ್ರು. ಒಂದು ಸಲವೂ ಈ ಕಡೆ ತಿರುಗ್ಲಿಲ್ಲ."

ಎಲ್ಲರೂ ಬೆಂಚಿನತ್ತ ತಿರುಗಿದರು. ಕೋಚ್ ಸಾರ್ ಹೆಂಡತಿ ಇನ್ನೂ ಮೈದಾನಕ್ಕೆ ಬೆನ್ನು ಹಾಕಿಯೇ ಕೂತಿದ್ದರು.

"ಬಿಸಿಲು ಕಣ್ಣಿಗೆ ಹೊಡೀತಿತ್ತು, ಅದಕ್ಕೇ ತಿರುಗಿ ಕೂತೆ," ಎಂದು ಫೋನ್ ಇಳಿಸಿದರು. "ಅಕ್ಕನ ಹತ್ರ ಮಾತಾಡ್ತಿದ್ದೆ. ಯಾಕೆ, ಮುಗಿದುಹೋಯ್ತಾ?"

ಪ್ರಿನ್ಸಿಪಾಲರು ಆರ್ಡರಿನಲ್ಲಿದ್ದ ಹೆಸರನ್ನು ಹೊಡೆದುಹಾಕಿ, ಅಮ್ಮಾ ನಿಮ್ಮ ಪೂರ್ತಿ ಹೆಸರು ಹೇಳಿ ಎಂದು ಕೇಳಿದರು.

ಸಂಜೆ ಮನೆಯಲ್ಲಿ ಹೊಸ ಖಾಯಂ ಕೋಚ್ ಕಾಲು ಚಾಚಿ ಕೂತು, ಆರ್ಡರಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

"ರೀ, ಬೆಳಿಗ್ಗೆ ಪ್ರಾಕ್ಟೀಸ್ ಇದೆಯಂತೆ. ನೀವೇ ಹೋಗಿ ಹುಡುಗೀರಿಗೆ ಅದೇನೋ ಬಾಣ ಗೀಣ ಬರೆದು ಹೇಳ್ಕೊಡಿ. ನನಗೆ ಅದೆಲ್ಲ ಬರಲ್ಲ. ಮ್ಯಾಚಿನ ದಿನ ನಾನು ಬರ್ತೀನಿ, ಅಕ್ಕನ ಹತ್ರ ಮಾತು ಬೇಕಾದಷ್ಟು ಬಾಕಿ ಇದೆ."

"ಮ್ಯಾಚಿನ ದಿನ ನಾನೇನು ಮಾಡ್ಲಿ?"

"ಊಟದ ಡಬ್ಬಿ ತಂದು ಗೇಟಿನಲ್ಲೇ ಕೊಟ್ಟು ಹೋಗಿ. ಒಳಗೆ ಬಂದು ನೋಡಿಗೀಡಿ ಬಿಟ್ಟೀರಿ ಮತ್ತೆ, ನನ್ನ ಕೆಲಸಕ್ಕೆ ಕುತ್ತು."