ಮಂಜಿನ ಬೆಟ್ಟದಲ್ಲಿ ‘ನಾಳೆ ಬಾ’

ತಟ್ಟೆ ಎಸೆಯುವುದಕ್ಕೆ ಏನು ಮಹಾ ವಿದ್ಯೆ ಬೇಕು? ಚಾಮರಾಜಪೇಟೆಯ ಹುಣಸೆಮರಗಳನ್ನೆಲ್ಲ ಕಲ್ಲೆಸೆದೇ ಬೋಳು ಮಾಡಿದ ಕೈ ಇದು. ಹೀಗಾಗಿ ನನ್ನ ಭಾವಮೈದ ಗಿರಿ ಕ್ರಿಸ್‌ಮಸ್ ರಜೆಗೆ ಸಿಡ್ನಿಯಿಂದ ಮೆಲ್ಬರ್ನ್‌ಗೆ ಬಂದು, “ಭಾವ, ಬೆಟ್ಟದ ಮೇಲೆ ಡಿಸ್ಕ್ ಗಾಲ್ಫ್ ಆಡೋಣ. ಗೆದ್ದವರ ಊರು!” ಎಂದಾಗ ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ.

‘ಗೆದ್ದವರ ಊರು’ ಅಂದರೆ ಗೆದ್ದವರ ಊರಿನಲ್ಲೇ ಇನ್ನು ನಮ್ಮ ಸಂಸಾರ, ಇಷ್ಟೇ. ನನ್ನ ಹೆಂಡತಿ ಸುನಂದಾಗೆ ಸಿಡ್ನಿಯಲ್ಲಿ ತಮ್ಮನಿರುವ ಟೂಂಗಾಬಿಗೆ ಹೋಗಿ ನೆಲೆಸುವ ಆಸೆ. ನನಗೆ ಮೆಲ್ಬರ್ನ್‌ನ ನಮ್ಮ ಬಾಕ್ಸ್ ಹಿಲ್ ಬಿಟ್ಟು ಕದಲುವ ಮನಸ್ಸಿಲ್ಲ. ಆಫೀಸು ಮನೆಯ ಪಕ್ಕದ ಬೀದಿಯಲ್ಲೇ ಇತ್ತು. ಮಧ್ಯಾಹ್ನ ಮನೆಗೆ ಬಂದು, ಬಿಸಿ ಅನ್ನ ಸಾರು ಉಂಡು, ಸಣ್ಣ ನಿದ್ದೆ ತೆಗೆದು ಮತ್ತೆ ಕೆಲಸಕ್ಕೆ ಹೋಗುವ ಭಾಗ್ಯ ಇಡೀ ಆಸ್ಟ್ರೇಲಿಯಾದಲ್ಲಿ ನನ್ನೊಬ್ಬನಿಗೇ ಇದ್ದಿರಬೇಕು. ಆ ನಿದ್ದೆಯನ್ನು ನಾನು ಪಣಕ್ಕಿಟ್ಟೆ!

ಚಳಿಗಾಲದಲ್ಲಿ ಜನ ಸ್ಕೀ ಮಾಡಲು ಮುಗಿಬೀಳುವ ಬೆಟ್ಟ ಅದು. ಇಲ್ಲಿ ಕ್ರಿಸ್‌ಮಸ್ ಬರುವುದು ಬೇಸಿಗೆಯಲ್ಲಿ, ಆಗ ಹಿಮವೂ ಇಲ್ಲ, ಜನವೂ ಇಲ್ಲ. ಹುಲ್ಲಿನ ಇಳಿಜಾರಿನಲ್ಲಿ ಅಲ್ಲಲ್ಲಿ ಕಂಬ ನೆಟ್ಟು, ಕಂಬಕ್ಕೆ ಕಬ್ಬಿಣದ ಬುಟ್ಟಿ ಕಟ್ಟಿ, ಬುಟ್ಟಿಯ ಮೇಲೆ ಸರಪಳಿಗಳನ್ನು ಇಳಿಬಿಟ್ಟಿದ್ದರು. ಪ್ಲಾಸ್ಟಿಕ್ ತಟ್ಟೆಯನ್ನು ಸರಪಳಿಗೆ ಬಡಿಯುವಂತೆ ಎಸೆದು ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತಗಳಲ್ಲಿ ಮುಗಿಸಿದವನು ಗೆದ್ದ.

ನಾವು ಮೂವರೂ ಕಾರಿನಿಂದಿಳಿದ ಕೂಡಲೇ ನನಗೇಕೋ ಸರಿಬರಲಿಲ್ಲ. ಲಾಡ್ಜುಗಳ ಕಿಟಕಿಗಳೆಲ್ಲ ಹಲಗೆ ಹೊಡೆದು ಮುಚ್ಚಿದ್ದವು. ಹಿಂದೊಮ್ಮೆ ಕಾಡ್ಗಿಚ್ಚಿಗೆ ಸಿಕ್ಕ ಮರಗಳು ತೊಗಟೆ ಕಳಚಿ, ಬೆಳ್ಳಗೆ, ಎಲುಬಿನಂತೆ ನಿಂತಿದ್ದವು. ಜನರನ್ನು ಮೇಲಕ್ಕೆ ಒಯ್ಯುವ ತೂಗುಕುರ್ಚಿಗಳು ತಂತಿಯಲ್ಲಿ ಸಾಲಾಗಿ ನೇತಾಡುತ್ತಿದ್ದವು. ಗಾಳಿ ಇರಲಿಲ್ಲ. ಆದರೂ ಒಂದು ಕುರ್ಚಿ ಮಾತ್ರ ಮೆಲ್ಲಗೆ ತೂಗುತ್ತಿತ್ತು.

“ಇಷ್ಟೊಂದು ಮುಚ್ಚಿದ ಬಾಗಿಲು! ಒಂದರ ಮೇಲೂ ‘ನಾಳೆ ಬಾ’ ಅಂತ ಬರೆದಿಲ್ಲವಲ್ಲ ಭಾವ!” ಎಂದು ಗಿರಿ ನಕ್ಕ.

ನಾನು ನಗಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಬೀದಿಯ ಎಲ್ಲ ಬಾಗಿಲುಗಳ ಮೇಲೂ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿತ್ತು. ದೆವ್ವವೊಂದು ಮನೆಯವರದ್ದೇ ದನಿಯಲ್ಲಿ ಬಂದು ಕರೆಯುತ್ತದೆ, ಓಗೊಟ್ಟರೆ ಕಥೆ ಮುಗಿಯಿತು. ಈ ಬರಹ ಓದಿದರೆ ಮಾತ್ರ ವಾಪಸ್ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂದು ಸುದ್ದಿ. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ಅದಕ್ಕೆ ಮೂರನೆಯ ಕರೆಗೇ ಓಗೊಡು ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದರು. ನಾನು ಆಸ್ಟ್ರೇಲಿಯಾದಲ್ಲಿ ಕಾಯಂ ನೆಲೆಸಲು ಪಿಆರ್ ಪಡೆದು ಬಂದಿದ್ದೆ ನಿಜ, ಆದರೆ ಆ ಭಯವೂ ನನ್ನ ಜೊತೆಗೇ ವಲಸೆ ಬಂದಿತ್ತು.

ಆಟ ಮಾತ್ರ ಅದ್ಭುತವಾಗಿ ನಡೆಯಿತು! ನನ್ನ ತಟ್ಟೆ ಬಂಡೆಗೆ ಬಡಿದು ಬುಟ್ಟಿಗೆ ಹಾರಿತು, ಮರಕ್ಕೆ ಬಡಿದು ಬುಟ್ಟಿಗೆ ಹಾರಿತು. ಕೊನೆಯ ಬುಟ್ಟಿಗೆ ಬರುವಾಗ ನಾನೇ ಮುಂದಿದ್ದೆ. ಸುನಂದಾಳ ಮುಖ ಸಣ್ಣಗಾಗಿತ್ತು. “ಬಾಕ್ಸ್ ಹಿಲ್ ಜಿಂದಾಬಾದ್!” ಎಂದು ಕೂಗಿ, ಹುಣಸೆಮರಗಳನ್ನೆಲ್ಲ ನೆನೆದು ಎಸೆದೆ. ಸದರಿ ತಟ್ಟೆಯು ಬುಟ್ಟಿಯನ್ನು ದಾಟಿ, ಬೇಲಿಯನ್ನು ದಾಟಿ, ಬೆಳ್ಳನೆಯ ಮರಗಳ ನಡುವೆ ಮಾಯವಾಯಿತು.

“ಹೋಗಿ ತಂದುಬಿಡಿ” ಎಂದಳು ಸುನಂದಾ. ಅವರಿಬ್ಬರೂ ಬುಟ್ಟಿಯ ಬಳಿ ಉಳಿದರು. ನಾನೊಬ್ಬನೇ ಮೇಲೆ ಹತ್ತಿದೆ.

ಅಷ್ಟರಲ್ಲಿ ಮಂಜು ಇಳಿಯಿತು. ನನ್ನ ಕೈ ನನಗೇ ಕಾಣದಷ್ಟು ಮಂಜು. ಎಲ್ಲೋ ಒಂದು ಬುಟ್ಟಿಯ ಸರಪಳಿ ಝಲ್ ಎಂದಿತು. ಆಮೇಲೆ ಇನ್ನೊಂದು, ಸ್ವಲ್ಪ ಹತ್ತಿರದಲ್ಲಿ. ಯಾರೋ ಗೆಜ್ಜೆ ಕಟ್ಟಿಕೊಂಡು ಬುಟ್ಟಿಯಿಂದ ಬುಟ್ಟಿಗೆ ನಡೆದು ಬಂದ ಹಾಗಿತ್ತು.

“ರೀ...”

ಮೇಲಿನಿಂದ ಕೇಳಿತು. ಸುನಂದಾಳದೇ ದನಿ. “ಬಂದೆ ಕಣೇ” ಎಂದೆ. ಅಂದ ಮೇಲೆ ಅಜ್ಜಿ ನೆನಪಾದರು. ಅದು ಮೊದಲನೆಯ ಕರೆ!

ಎರಡನೆಯ ಕರೆ ಬರಲಿಲ್ಲ. ಕಾಲುಗಳು ನನ್ನ ಮಾತು ಕೇಳದೆ ಇನ್ನೂ ನಾಲ್ಕು ಹೆಜ್ಜೆ ಮೇಲೆ ಹೋದವು. ಎದುರಿಗೆ ಮಂಜು ಕೊಂಚ ತೆಳುವಾದಲ್ಲಿ ಒಂದು ತೂಗುಕುರ್ಚಿ ಎದೆಮಟ್ಟಕ್ಕೆ ನೇತಾಡುತ್ತಿತ್ತು. ನನ್ನ ಕೆಂಪು ತಟ್ಟೆ ಅದರ ಮೇಲೆ ನಡುಮಧ್ಯದಲ್ಲಿ ಕೂತಿತ್ತು, ಯಾರೋ ಎತ್ತಿ ಇಟ್ಟ ಹಾಗೆ. ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು.

“ತಟ್ಟೆ ಸಿಕ್ತೇನ್ರೀ?” ಎಂದಿತು ಬೆನ್ನ ಹಿಂದೆ ಅದೇ ದನಿ. ತಣ್ಣನೆಯ ಕೈಯೊಂದು ಹೆಗಲ ಮೇಲೆ ಬಿತ್ತು.

ನಾನು ಕಣ್ಣು ಮುಚ್ಚಿ, ಇದ್ದ ಉಸಿರನ್ನೆಲ್ಲ ಕೂಡಿಸಿ ಕಿರುಚಿದೆ: “ನಾಳೆ ಬಾ!”

ಆಮೇಲೆ ಓಡಿದೆ. ಬೇಲಿಗೆ ಪ್ಯಾಂಟು ಹರಿಯಿತು. ಒಂದು ಬೂಟು ಬೆಟ್ಟಕ್ಕೆ ಕಾಣಿಕೆಯಾಯಿತು. ಕಾರಿನೊಳಗೆ ನುಗ್ಗಿ ಬಾಗಿಲುಗಳನ್ನೆಲ್ಲ ಲಾಕ್ ಮಾಡಿ ಕೂತೆ.

ಸ್ವಲ್ಪ ಹೊತ್ತಿಗೆ ಸುನಂದಾ ಗಾಜು ಬಡಿದಳು. ಕೈಯಲ್ಲಿ ನನ್ನ ಬೂಟು. “ಗಂಡ ಮಂಜಲ್ಲಿ ಕಳೆದುಹೋದ್ರಲ್ಲಾ ಅಂತ ಹೆದರ್ಕೊಂಡು ಹುಡುಕ್ಕೊಂಡ್ ಬಂದ್ರೆ, ನನಗೇ ನಾಳೆ ಬಾ ಅಂತೀರಾ?”

ಗಿರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಭಾವ, ಆಟ ಇನ್ನೂ ನಿಮ್ಮದೇ. ನನ್ನದು ಮುಗೀತು. ನೀವು ಹೋಗಿ ಆ ತಟ್ಟೆ ಎತ್ತಿ ಬುಟ್ಟಿಗೆ ಹಾಕ್ಬಿಟ್ರೆ ಗೆದ್ರಿ. ಹಾಕದಿದ್ರೆ ಸೋತ ಹಾಗೆ.”

ನಾನು ಬೆಟ್ಟದ ಕಡೆ ನೋಡಿದೆ. ಬಿಸಿ ಅನ್ನ, ಸಾರು, ಮಧ್ಯಾಹ್ನದ ನಿದ್ದೆ ಎಲ್ಲವೂ ಆ ಮಂಜಿನೊಳಗೆ ಇದ್ದವು. ಒಳಗೆ ಸರಪಳಿ ಝಲ್ ಎಂದಿತು.

“ಟೂಂಗಾಬಿ ಒಳ್ಳೇ ಸಬರ್ಬ್ ಅಂತೆ, ಅಲ್ವಾ?” ಎಂದೆ.

ದಾರಿಯಲ್ಲಿ ಮಾನ ಉಳಿಸಿಕೊಳ್ಳಲು ನೋಡಿದೆ. “ನಾನೇನು ಪುಕ್ಕಲ ಅಲ್ಲ. ನೀನು ಮೊದಲು ಮೇಲಿಂದ ಕರೆದಾಗ ‘ಬಂದೆ’ ಅಂದೆನಲ್ಲ!”

“ಮೇಲಿಂದಾನಾ?” ಸುನಂದಾ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದಳು. “ನಾನು ಕೆಳಗಿಂದ ಬಂದೋಳು ರೀ. ಮಾತಾಡಿಸಿದ್ದು ಒಂದೇ ಸಲ.”

ಗಿರಿಯ ನಗು ನಿಂತಿತು. ತನ್ನ ಬಾಗಿಲು ಲಾಕ್ ಆಗಿದೆಯೇ ಎಂದು ಮುಟ್ಟಿ ನೋಡಿಕೊಂಡ.

ಈಗ ನಾವು ಟೂಂಗಾಬಿಯಲ್ಲಿದ್ದೇವೆ. ಮಧ್ಯಾಹ್ನ ಆಫೀಸಿನ ಮೇಜಿನ ಮುಂದೆ ತಣ್ಣನೆಯ ಸ್ಯಾಂಡ್‌ವಿಚ್ ತಿನ್ನುತ್ತೇನೆ, ಸಂಜೆ ರೈಲಿನಲ್ಲಿ ನಿಂತುಕೊಂಡೇ ತೂಕಡಿಸುತ್ತೇನೆ. ಮನೆಗೆ ಬಂದು ಬಾಗಿಲು ಬಡಿದು “ಸುನಂದಾ” ಎಂದರೆ ಒಳಗಿನಿಂದ ಒಗ್ಗರಣೆಯ ಸದ್ದಿನ ಜೊತೆ ಉತ್ತರ ಬರುತ್ತದೆ:

“ನಾಳೆ ಬಾ!”

ನಾನು ಮೂರು ಸಲ ಕರೆಯುತ್ತೇನೆ. ನಾನು ಮನುಷ್ಯನೇ ಎಂದು ಖಾತ್ರಿಯಾದ ಮೇಲೆ ಬಾಗಿಲು ತೆರೆಯುತ್ತಾಳೆ.